ಪೂಜೋ ಸಾಮಾನು

ಅಶೋಕ ರಸ್ತೆಯ ಅಂಗಡಿಯಲ್ಲಿ
"ಪೂಜೋ ಸಾಮಾನು ಇದೆಯಾ?" ಅಂದೆ.
ಆತ ತಲೆ ಎತ್ತದೆ ಎದುರಿಗೆ ಬೆರಳು ತೋರಿಸಿದ:
ಕರ್ಪೂರ, ಗೆಜ್ಜೆವಸ್ತ್ರ, ಬಟ್ಟಲಡಿಕೆ, ಹಿತ್ತಾಳೆ ಗಂಟೆ.
ಅಲ್ಲಪ್ಪಾ, ಕಾರು. ಫ್ರಾನ್ಸಿನದು.
ಮೂತಿಯ ಮೇಲೆ ಎರಡು ಕಾಲಲ್ಲಿ ನಿಂತ ಸಿಂಹ ಇರುತ್ತೆ.
"ಓ, ಪ್ಯೂಜಿಯಟ್ಟಾ!" ನಕ್ಕ.
"ಅದರ ಸಾಮಾನಿಗೂ ಈಗ
ಆ ಅಂಗಡಿಯಲ್ಲೇ ಹರಕೆ ಹೊರಬೇಕು, ಅಮ್ಮ."

ಮುದ್ದುಮಾದಪ್ಪನ ನಾಟಕ ಕಂಪನಿ ಮುಳುಗಿದಾಗ
ಒಂಬತ್ತು ವರ್ಷದ ಹೊಲಿಗೆ ಬಾಕಿಗೆ,
ದುರ್ಯೋಧನನ ಎರಡು ನಿಲುವಂಗಿ,
ಲೆಕ್ಕವಿಲ್ಲದಷ್ಟು ಸಖಿಯರ ಕುಪ್ಪಸ,
ತಳ್ಳಿಕೊಂಡು ಬಂದು ನನ್ನ ಅಂಗಡಿ ಮುಂದೆ ನಿಲ್ಲಿಸಿದ್ದು ಇದನ್ನ.
ತೊಂಬತ್ತಾರನೇ ಇಸವಿ, ಡೀಸೆಲ್ಲು, ಬಾಟಲಿ ಹಸಿರು.
ಬೀಗದ ಕೈ ಜೊತೆಗೆ ರಟ್ಟಿನ ಗದೆಯೊಂದನ್ನೂ ಕೊಟ್ಟ,
ಸ್ಟಾರ್ಟಾಗದಿದ್ದರೆ ಬೇಕಾಗುತ್ತದೆ ಎಂದು.

ಹೊಲಿಗೆಯವಳ ಕಣ್ಣು ಮೊದಲು ಅಂಚಿಗೆ ಹೋಗುತ್ತದೆ.
ಹಿಂದಿನ ಚಕ್ರ ಎರಡೂ
ಈಗಷ್ಟೇ ಎದ್ದು ನಿಂತ ಕರುವಿನ ಕಾಲಿನ ಹಾಗೆ
ಮೇಲೆ ಒಳಕ್ಕೆ, ಕೆಳಗೆ ಹೊರಕ್ಕೆ.
ಬನ್ನಿಮಂಟಪದ ಇನಾಯತ್ ಅಡಿಗೆ ಮಲಗಿ ನೋಡಿ
"ಸೂಜಿ ಹೋಗಿದೆ, ಆಪಾ" ಅಂದ.
ಸೂಜಿ?
"ಆಕ್ಸಲ್ ಒಳಗೆ ಸೂಜಿ ಬೇರಿಂಗು.
ಸುತ್ತ ಸಾಲಾಗಿ ಉಕ್ಕಿನ ಸೂಜಿ. ನೀರಿಳಿದು ಪುಡಿಯಾಗಿವೆ."
ಮೂವತ್ತೊಂದು ವರ್ಷ ಸೂಜಿಯಿಂದ ಉಂಡವಳಿಗೆ
ಕಾರಿನ ಕಾಯಿಲೆ ಇಷ್ಟು ಬೇಗ ಅರ್ಥವಾಗುತ್ತದೆ ಅಂದುಕೊಂಡಿರಲಿಲ್ಲ.

ಕೊಯಮತ್ತೂರಿನಿಂದ ಬಂದ ಪೊಟ್ಟಣದಲ್ಲಿ
ಬೇರಾವುದೋ ಗಾಡಿಯ ದೀಪ.
ಪಾಂಡಿಚೇರಿಯ ಮುದುಕನೊಬ್ಬ ಫೋನಿನಲ್ಲಿ
ಅರ್ಧ ಗಂಟೆ ಫ್ರೆಂಚು ಮಾತಾಡಿದ.
ನಾನು ಕನ್ನಡದಲ್ಲೇ ಹೂಂಗುಟ್ಟಿದೆ.
ಇಲ್ಲ ಎನ್ನುವುದು ಯಾವ ಭಾಷೆಯಲ್ಲೂ ತಿಳಿಯುತ್ತದೆ.

ಕೊನೆಗೆ ಕೆ.ಎಂ. ದೊಡ್ಡಿ ಕಡೆಯ ಒಂದು ಆಲೆಮನೆ.
ಕಬ್ಬಿನ ಸಿಪ್ಪೆ ಒಣಹಾಕಿದ ಬಯಲಿನ ಮೂಲೆಯಲ್ಲಿ
ಇದರದೇ ಒಡಹುಟ್ಟು, ಬಿಳಿ, ಗಾಜಿಲ್ಲದ್ದು.
ಹಿಂದಿನ ಸೀಟಿನಲ್ಲಿ ಕಾವಿಗೆ ಕೂತ ಕೋಳಿ
ನಮ್ಮನ್ನು ಒಂದೇ ಕಣ್ಣಲ್ಲಿ ನೋಡಿತು.
ಬೆಲ್ಲದ ಅಚ್ಚು ತೊಳೆಯುತ್ತಲೇ ಜವರಮ್ಮ ಅಂದಳು:
"ತಕ್ಕಂಡೋಗಿ, ಯಾರ್ ಬ್ಯಾಡ ಅಂದೋರು.
ಆದ್ರೆ ಇನ್ನೂ ಹದ್ನೇಳ್ ದಿನ ಅಲ್ಲಾಡಿಸ್ಬ್ಯಾಡಿ.
ಕಾವು ಕೆಟ್ರೆ ಮರಿ ಏಳಾಕಿಲ್ಲ."
ಇನಾಯತ್ ಸ್ಪಾನರು ಚೀಲಕ್ಕೆ ಹಾಕಿದ.
ಬಿಸಿ ಬೆಲ್ಲ ತಿಂದು ಬಸ್ಸು ಹತ್ತಿದೆವು.

ಹದಿನೇಳು ದಿನ.
ದುರ್ಯೋಧನನ ನಿಲುವಂಗಿಯಲ್ಲಿ ಮಿಕ್ಕ ಕಡುಗೆಂಪು ಮಖಮಲ್ಲು
ಹಿಂದಿನ ಸೀಟಿಗೆ ಅಳತೆ ತೆಗೆದ ಹಾಗೆ ಬಂತು.
ಜರಿ ಅಂಚು ಕತ್ತರಿಸಲು ಮನಸ್ಸಾಗಲಿಲ್ಲ.
ಬಾಗಿಲಿನ ರಬ್ಬರು ಸಿಗಲೇ ಇಲ್ಲ;
ಸೈಕಲ್ ಟ್ಯೂಬು ಸೀಳಿ ಪಟ್ಟಿ ಕೊಟ್ಟೆ.
ಒಂದು ಬಾಗಿಲು ಈಗಲೂ ಒದ್ದರೇ ಮುಚ್ಚುವುದು.

ಹನ್ನೊಂದು ಮರಿ, ಒಂದು ಗೊಡ್ಡು ಮೊಟ್ಟೆ.
ಸೀಟನ್ನು ಜವರಮ್ಮ ಕೋಳಿಗೇ ಉಳಿಸಿಕೊಂಡಳು.
ಆಕ್ಸಲನ್ನು ಬೆಲ್ಲದ ತಕ್ಕಡಿಗೇ ಹಾಕಿ
ಬೆಲ್ಲದ ರೇಟೇ ಹಚ್ಚಿದಳು.
ಆಮೇಲೆ ನನ್ನ ಮುಖ ನೋಡಿ
ಒಂದು ಅಚ್ಚು ಕೊಸರು ಕೊಟ್ಟಳು.

ರಾತ್ರಿ ಶೆಡ್ಡಿನಲ್ಲಿ ಚಹಾ ಬಸಿಗೆ ಸೀಮೆಎಣ್ಣೆ ಹೊಯ್ದು
ಸೂಜಿಗಳನ್ನು ತೊಳೆದು ಎಣಿಸಿದೆವು.
ಗ್ರೀಸಿನ ಮೇಲೆ ಒಂದೊಂದೇ ನಿಲ್ಲಿಸುವಾಗ
ಇನಾಯತನ ದಪ್ಪ ಬೆರಳು ತಪ್ಪತೊಡಗಿತು.
ನೀನು ದೀಪ ಹಿಡಿ ಅಂದೆ.
ಮದುವಣಗಿತ್ತಿಯ ರವಿಕೆಗೆ ಮಣಿ ಕೂರಿಸುವ ಹಾಗೆ
ಉಸಿರು ಬಿಗಿಹಿಡಿದು ಕೂರಿಸಿದೆ.
ಎರಡು ಕಡಿಮೆ ಬಿದ್ದವು.
ನಮ್ಮ ಹಳೆಯದರಲ್ಲಿ ಪುಡಿಯಾಗದೆ ಉಳಿದದ್ದು ಮೂರು.

ಮಿಕ್ಕ ಒಂದು ನನ್ನ ಸೂಜಿ ಡಬ್ಬಿಯಲ್ಲಿದೆ,
ಕಣ್ಣಿಲ್ಲದ್ದು, ಯಾವ ದಾರಕ್ಕೂ ಬಗ್ಗದ್ದು.

ಮೊನ್ನೆ ಜವರಮ್ಮನಿಗೆ ತೋರಿಸಲು ಹೊರಟೆವು.
ಶ್ರೀರಂಗಪಟ್ಟಣದ ಸೇತುವೆ ಮೇಲೆ
ಹಿಂದಿನ ಚಕ್ರಗಳು ನೆಟ್ಟಗೆ, ನೆರಳೂ ನೆಟ್ಟಗೆ.
ಆಗಲೇ ಮುಂದಿನಿಂದ, ಎಡಗಡೆ,
ಒಂದು ಹೊಸ ಸದ್ದು: ಟಿಕ್, ಬಿಟ್ಟು ಬಿಟ್ಟು, ಟಿಕ್.
ಇಬ್ಬರಿಗೂ ಕೇಳಿಸಿತು.
ಮಂಡ್ಯ ದಾಟುವವರೆಗೆ
ಇಬ್ಬರೂ ಬಾಯಿ ಬಿಡಲಿಲ್ಲ.