ಎರಡು ಚುಕ್ಕೆ ಆರು

ಚೌಬಾರಾದ ಗಡಿಯಾರ ಹನ್ನೊಂದು ದಾಟಿದ ಮೇಲೆ
ಸುದ್ದಿ ಬಂತು:
ಎಂಟನೆಯ ಆವೃತ್ತಿಯಲ್ಲೊಂದು ಕಿಂಡಿ ಇತ್ತಂತೆ,
ಮುಚ್ಚಿದರಂತೆ, ಒಂಬತ್ತೇ ಸಾಲು.
ಎಲ್ಲರೂ ಹೊಸದಕ್ಕೆ ಬನ್ನಿ.

ನಾವು ಎರಡು ಚುಕ್ಕೆ ಆರರಲ್ಲಿದ್ದೇವೆ.

ನಾವು ಅಂದರೆ
ನಾನು, ಉಸ್ಮಾನ್ ಗಂಜಿನ ಈ ಮಾಳಿಗೆಯ ಕೋಣೆ,
ಹಾಲಿನ ಸಂಘದ ನೂರಾ ಹದಿನೇಳು ಕೇಂದ್ರ,
ಜನವಾಡದಲ್ಲಿ ಕೀಲಿಮಣೆಗೆ ಟವೆಲ್ ಹೊದಿಸಿ
ಮನೆಗೆ ಹೋಗುವ ತುಳಜಪ್ಪ,
ಸಂತಪುರದಲ್ಲಿ ಬೆಳಗಿನ ಐದೂವರೆಗೆ
ಫ್ಯಾಟು ನಾಲ್ಕು ಚುಕ್ಕೆ ಎರಡು ಎಂದು ಒತ್ತುವ ಸುವಾರ್ತಾಬಾಯಿ.
ಅವಳ ಮಶೀನಿಗೆ ಎಂಟು ಏರುವುದಿಲ್ಲ.
ಮೂರೇ ಏರಲಿಲ್ಲ. ಏರಿಸಲು ಹೋಗಿ
ಒಂದು ದಿನದ ಹಾಲು ಲೆಕ್ಕಕ್ಕೆ ಸಿಗದೆ ಹೋಯಿತು.
ಆಕೆ ಫೋನಿನಲ್ಲಿ "ಇರ್ಲಿ ತಗೀರಿ" ಅಂದಳು.
ಬೈದಿದ್ದರೆ ಮರೆತಿರುತ್ತಿದ್ದೆ.

ಹೊಸ ಮನೆಯವರು ಗೋಡೆ ಮುಚ್ಚಿದ ಸುದ್ದಿ
ಹಳೆ ಮನೆಯ ಕಿಂಡಿಗೆ ವಿಳಾಸ.
ಇಷ್ಟೊತ್ತಿಗೆ ಅವನೂ ಓದಿರುತ್ತಾನೆ,
ಯಾವ ಊರಿನವನೋ, ಅವನಿಗೂ ನಿದ್ದೆ ಇಲ್ಲ.
ಖಾತೆ ಸಂಖ್ಯೆಯಲ್ಲಿ ಒಂದೊಂದಂಕಿ ತಿದ್ದಿದರೆ ಸಾಕು,
ಸಂತಪುರದ ಎಮ್ಮೆಗಳೆಲ್ಲ
ಅವನಿಗೆ ಹಾಲು ಕರೆಯತೊಡಗುತ್ತವೆ.

ಒಂಬತ್ತು ಸಾಲು ತಂದು ಅಂಟಿಸಿದೆ.
ಕೂರಲಿಲ್ಲ.
ಅಲ್ಲಿ ಕೂಗಿ ಕರೆಯುವ ಆಳುಗಳು
ಇಲ್ಲಿನ್ನೂ ಹುಟ್ಟೇ ಇಲ್ಲ.
ಅಲ್ಲಿ ಬಾಗಿಲಿದ್ದಲ್ಲಿ ಇಲ್ಲಿ ಪರದೆ.
ಅಲ್ಲಿ ಒಂದೇ ಕಡೆ ಕೇಳುವ ಪ್ರಶ್ನೆಯನ್ನು
ಇಲ್ಲಿ ಹದಿನಾಲ್ಕು ಕಡೆ ಯಾರೂ ಕೇಳುವುದಿಲ್ಲ.

ಕೆಳಗಿನ ಅಂಗಡಿ ಖುದ್ದೂಸ್ ಸಾಹೇಬರದು, ರಫೂ ಕೆಲಸ.
ಹೋದ ಚಳಿಗೆ ನನ್ನ ಶಾಲಿಗೆ ಇಲಿ ಬಾಯಿ ಹಾಕಿದಾಗ
ಅದೇ ಬಣ್ಣದ ಹೊಸ ನೂಲುಂಡೆ ಒಯ್ದಿದ್ದೆ.
ನೋಡಿ ಪಕ್ಕಕ್ಕಿಟ್ಟರು.
"ಬಣ್ಣ ಅದೇ ಅದ ಬೇಟಿ, ವಯಸ್ಸು ಬ್ಯಾರೆ."
ಅಂಚಿನ ಒಳಮಡಿಕೆ ಬಿಚ್ಚಿ
ಶಾಲಿನದೇ ನಾಲ್ಕು ಎಳೆ ಹಿರಿದು
ತೂತಿನ ಮುಂದೆ ಮೂರು ತಾಸು ಕೂತರು,
ಸೂಜಿ ಹೋದದ್ದು ಕಾಣಲಿಲ್ಲ, ಬಂದದ್ದು ಕಾಣಲಿಲ್ಲ.

ಒಂಬತ್ತು ಸಾಲು ಅಳಿಸಿದೆ.
ಅವು ಹೇಳುತ್ತಿದ್ದುದನ್ನಷ್ಟೇ ಇಟ್ಟುಕೊಂಡೆ:
ಬಂದವರು ಯಾರೆಂದು ಕೇಳು,
ಕೈಯಲ್ಲೇನಿದೆ ನೋಡು,
ಆಮೇಲೆ ಒಳಗೆ ಬಿಡು.
ಅದನ್ನು ಎರಡು ಚುಕ್ಕೆ ಆರರ ಮಾತಿನಲ್ಲಿ ಬರೆದೆ,
ಹನ್ನೆರಡು ವರ್ಷದ ಹಿಂದೆ ಯಾರೋ ಇಟ್ಟ ಹೆಸರುಗಳಲ್ಲಿ,
ಅವನ ಕಾಗುಣಿತದ ತಪ್ಪನ್ನೂ ತಿದ್ದದೆ.
ಆ ತಪ್ಪನ್ನೇ ನಂಬಿ ನಿಂತ ಸಾಲುಗಳಿವೆ.
ಕರೆಂಟು ಎರಡು ಸಲ ಹೋಯಿತು.
ಒಂಬತ್ತು ಸಾಲು ನಲವತ್ತೊಂದಾಯಿತು.

ಐದೂವರೆಗೆ ಸ್ಕ್ರೀನಿನ ಮೇಲೆ
ಸಂತಪುರ. ನಾಲ್ಕು ಚುಕ್ಕೆ ಎರಡು.
ಆಕೆಗೇನೂ ಗೊತ್ತಾಗಲಿಲ್ಲ.
ಅದಕ್ಕೇ ಕೂತದ್ದು.

ಮುಂದಿನ ವಾರ ಹೈದರಾಬಾದಿನಿಂದ
ತಪಾಸಣೆಗೆ ಹುಡುಗನೊಬ್ಬ ಬಂದ.
ಅವನ ಯಂತ್ರ ಹೊಸ್ತಿಲಲ್ಲೇ ನಿಂತು ಫಲಕ ಓದಿತು:
ಎರಡು ಚುಕ್ಕೆ ಆರು.
ಕೆಂಪು ಗೆರೆ ಎಳೆಯಿತು: ಹಳೇದು, ಅಪಾಯ.
ಒಳಗೆ ಬಾ, ತೋರಿಸ್ತೀನಿ ಅಂದೆ.
ಅದಕ್ಕೆ ಕಾಲಮ್ಮಿಲ್ಲ ಮೇಡಂ, ಅಂದ.
ಒಳ್ಳೆಯ ಹುಡುಗ. ಎರಡು ಕಪ್ಪು ಚಹಾ ಕುಡಿದ.

ಸಂಜೆ ಶಾಲು ಹೊದ್ದು ಮೆಟ್ಟಿಲಿಳಿದೆ.
ಖುದ್ದೂಸ್ ಸಾಹೇಬರು ಕನ್ನಡಕ ಹಣೆಗೇರಿಸಿ
ಬಲ್ಬಿನ ಬೆಳಕಿಗೆ ಶಾಲು ಹಿಡಿದು
ತಮ್ಮದೇ ರಫೂ ಹುಡುಕಿದರು.
ಸಿಗಲಿಲ್ಲ. ನಕ್ಕರು.
ನನಗೆ ಗೊತ್ತು ಎಲ್ಲಿದೆ ಅಂತ,
ಬೆರಳಿಟ್ಟರೆ ಕೂದಲೆಳೆಯಷ್ಟು ದಪ್ಪ.

ಒಳಮಡಿಕೆಯಲ್ಲಿ ಇನ್ನೆಷ್ಟು ಎಳೆ ಉಳಿದಿವೆ ಎಂದು
ನಾನೂ ಕೇಳಲಿಲ್ಲ,
ಅವರೂ ಎಣಿಸಲಿಲ್ಲ.