ಎರಡು ಬಿದ್ದಿದ್ವು

ವಾಲ್ವಿನ ಲಾಕು, ಜೋಳದ ಕಾಳಿಗಿಂತ ಚೂರು ದೊಡ್ಡದು,
ಎಣ್ಣೆಗೈಯಿಂದ ಜಾರಿ
ಟಿಣ್ ಅಂತು. ಕೆಳಗೆಲ್ಲೋ ಮತ್ತೊಮ್ಮೆ ಟಿಣ್.
ಆಮೇಲೆ ಇಂಜಿನ್ನು ಬಾಯಿ ಮುಚ್ಚಿಕೊಂಡಿತು.

ಜತ್ತದ ಸಾಂಗಲಿ ನಾಕಾ. ದಾಳಿಂಬರಿ ಕ್ರೇಟು ಹೊರುವ ಜೀಪು.
ಮಾಲೀಕ ಮೋಟಗಿ ಹೊರಗೆ ಬಶಿಯಲ್ಲಿ ಚಹಾ ಊದುತ್ತಿದ್ದ.
ಡಬ್ಬಿಯಲ್ಲಿ ಬೇರೆ ಲಾಕುಗಳಿದ್ದವು, ಯಾರೂ ನೋಡಿರಲಿಲ್ಲ,
ನನಗೆ ಹದಿನಾಲ್ಕು.
"ಬಿತ್ತು" ಅಂದೆ.

ದಸ್ತಗೀರ ಉಸ್ತಾದ ಬೈಯಲಿಲ್ಲ.
ಬಾರಾ-ತೇರಾ ಪಾನಾ ಕೆಳಗಿಟ್ಟ.
"ಚೇಂಬರ್ ಬಿಚ್ಚಿದ್ರ ಅರ್ಧಾ ದಿನಾ ಹೋತು."
ಒಡೆದ ರೇಡಿಯೋದ ಸ್ಪೀಕರಿನಿಂದ ಅಯಸ್ಕಾಂತದ ಚೂರು ಕಿತ್ತು
ಗಾಳಿಪಟದ ದಾರ ಕಟ್ಟಿ
ಪುಶ್‌ರಾಡಿನ ತೂತಿನಲ್ಲಿ ಇಳಿಬಿಟ್ಟ,
ಬಾವಿಗೆ ಬಿದ್ದ ಕೊಡಕ್ಕೆ ಪಾತಾಳಗರಡಿ ಬಿಟ್ಟ ಹಾಗೆ.

ಸಿಕ್ಕ ಸಿಕ್ಕ ಗೋಡೆಗೆ ಅಂಟುತ್ತಿತ್ತು ಅದು.
ಕಬ್ಬಿಣದ ಮನೆಯಲ್ಲಿ ಕಬ್ಬಿಣ ಹುಡುಕುವುದು!
"ಉಸಿರು ಬಿಗಿ ಹಿಡಿ" ಅಂದ.
ಯಾಕೋ ಗೊತ್ತಿಲ್ಲ, ಹಿಡಿದೆ.

ಮೇಲೆ ಬಂದದ್ದು ಲಾಕಲ್ಲ. ಒಂದು ವಾಷರು,
ಕಾಕಂಬಿಯಂಥ ಎಣ್ಣೆ ಮೆತ್ತಿಕೊಂಡು, ಯಾವ ಕಾಲದ್ದೋ.
ಬನಿಯನ್ನಿಗೆ ಒರೆಸಿ ಬಿಸಿಲಿಗೆ ಹಿಡಿದ.
ಹಿಂದೆ ಹೋಗಿ ಜೀಪಿನ ನಂಬರು ಓದಿ ಬಂದ.
"ಈ ಇಂಜಿನ್ ನಮ್ಮ ಉಸ್ತಾದರು ಬಿಚ್ಚಿದ್ರು.
ಆಗ ನಾ ನಿನ್ನಷ್ಟಿದ್ದೆ.
ವಾಷರ್ ಎಲ್ಲೈತಿ ಅಂತ ಕೇಳಿದ್ರು,
ಹಾಕೀನಿ ಅಂದಿದ್ದೆ."

ಲಾಕು ಏಳನೆಯ ಸಲಕ್ಕೆ ಸಿಕ್ಕಿತು.
ಮೋಟಗಿ ಇಣುಕಿದ: "ಯಾಕೋ ಇಷ್ಟ್ ಹೊತ್ತು?"

"ಎರಡು ಬಿದ್ದಿದ್ವು" ಅಂದ ಉಸ್ತಾದ,
ವಾಷರು ಕಿಸೆಗೆ ಹಾಕಿಕೊಂಡು.