ಚರಟ

ಅಂಗಳದ ಆಚೆ ಬದಿಯ ಅರುಸ್ಯಾಕ್
ಕಾಫಿ ಕುಡಿದವರ ಬಟ್ಟಲು ಕವುಚಿ
ತಳದ ಚರಟದಲ್ಲಿ ನಾಳೆಯನ್ನು ಓದುವವಳು.
ಹಕ್ಕಿ ಕಂಡರೆ ಕಾಗದ ಬರುತ್ತದೆ,
ದಾರಿ ಕಂಡರೆ ಮಗಳಿಗೆ ಗಂಡು.

ನಾನು ವಘರ್ಶಾಕ್, ಗಡಿಯಾರ ರಿಪೇರಿಯವನು.
ನಾಳೆಯ ಗೊಡವೆ ನನಗಿಲ್ಲ,
ನಿಂತದ್ದು ಇವತ್ತು ನಡೆದರೆ ಸಾಕು.
ಗ್ಯುಮ್ರಿಯ ನೆಲ ನಡುಗಿದ ಆ ಡಿಸೆಂಬರಿನ ಬೆಳಗ್ಗೆ
ನಿನ್ನ ಬಟ್ಟಲು ಯಾಕೆ ಬಾಯಿ ಬಿಡಲಿಲ್ಲ
ಎಂದು ಒಮ್ಮೆ ಕೇಳಿಬಿಟ್ಟಿದ್ದೆ.
ಅಂದಿನಿಂದ ನಾವು ಎಣ್ಣೆ ಸೀಗೆಕಾಯಿ.

ಫೆಬ್ರವರಿ. ಕೊಳಾಯಿಯೊಳಗೂ ಹಿಮ.
ಬಾಗಿಲು ತಟ್ಟಿದಳು, ಏಪ್ರನ್ನಿನಲ್ಲಿ ಸುತ್ತಿಕೊಂಡು
ಜರ್ದಾಳು ಬಣ್ಣದ ತನ್ನ ಬೆಕ್ಕು ತ್ಸಿರಾನನ್ನು.
ಅದು ಒಂದೇ ಸಮ ತಲೆ ಕೊಡವುತ್ತಿತ್ತು,
ಯಾರೋ ಹೇಳಿದ ಚಾಡಿಯನ್ನು ಹೊರಗೆ ಚೆಲ್ಲುವಂತೆ.
ಹಿಂಗಾಲಲ್ಲಿ ಕೆರೆದು ಕೆರೆದು
ಕಿವಿಯ ಹಿಂದೆ ಕೂದಲು ಹೋಗಿ, ರಕ್ತದ ಗೆರೆ.

"ಒಳಗೆ ನೋಡು. ಕಾಫಿ ಚರಟ!
ಹತ್ತು ದಿನದಿಂದ ಓದುತ್ತಿದ್ದೇನೆ,
ಒಂದಕ್ಷರ ಹತ್ತುತ್ತಿಲ್ಲ.
ಊರವರ ನಾಳೆಗೆ ಕೈ ಹಾಕಿದ್ದಕ್ಕೆ ಶಾಪವೇ?"

ನಗು ಬಂತು, ನುಂಗಿಕೊಂಡೆ.
ಹತ್ತಿಯ ತುದಿಗೆ ಒಂದಿಷ್ಟು ಮೆತ್ತಿಸಿ
ಕಪ್ಪು ಕಾಗದದ ಮೇಲೆ ಉದುರಿಸಿ
ದೀಪ ಎಳೆದುಕೊಂಡು, ಕಣ್ಣಿಗೆ ಮಸೂರ ಸಿಕ್ಕಿಸಿದೆ.

ಚರಟ ನಡೆಯುತ್ತಿತ್ತು.

ಸೂಜಿಮೊನೆಯಷ್ಟೂ ಇಲ್ಲದ ಬಿಳಿ ಚುಕ್ಕೆಗಳು.
ಕಾಲುಗಳಿದ್ದವು, ಅವಸರವಿರಲಿಲ್ಲ.
ಹೆಂಗಸರ ಕೈಗಡಿಯಾರದ ಅತಿ ಸಣ್ಣ ಸ್ಕ್ರೂ
ಎದ್ದು ಹೆಜ್ಜೆ ಹಾಕಿದರೆ ಹೇಗೋ ಹಾಗೆ.
ಮಸೂರ ಬಿಚ್ಚಿ ಅವಳಿಗೆ ಕೊಟ್ಟೆ.
ಬಹಳ ಹೊತ್ತು ನೋಡಿದಳು.
"ಇವು ನಾಳೆಯವಲ್ಲ," ಎಂದಳು. "ಈಗಿನವು."

ಸೇತುವೆ ಪಕ್ಕದ ಪಶುವೈದ್ಯೆ ತಾತೆವ್, ಇನ್ನೂ ಹುಡುಗಿ,
ನುಸಿ ಅಂದಳು, ನೆಗಡಿ ಅಂದಷ್ಟು ಸಲೀಸಾಗಿ.
ಕಡ್ಡಿಯನ್ನು ಆಳಕ್ಕೆ ತೂರಿಸಬೇಡಿ.
ದ್ರವ ಬಿಟ್ಟು ಕಿವಿಯ ಬುಡ ನೀವಿ, ಚಪ್‌ಚಪ್ ಅನ್ನಲಿ,
ಆಮೇಲೆ ಅದೇ ಕೊಡವಿಕೊಳ್ಳುತ್ತದೆ,
ನೀವು ಎದುರಿಗೆ ಮಾತ್ರ ನಿಲ್ಲಬೇಡಿ.
ಕತ್ತಿನ ಹಿಂದೆ, ನಾಲಿಗೆಗೆ ಎಟುಕದಲ್ಲಿ,
ಕೂದಲು ಬಗೆದು ತಾನೇ ಒಂದು ಹನಿ ಬಿಟ್ಟಳು.
"ತಮ್ಮನ ನಾಯಿಗೆ ತಂದ ಔಷಧಿ ಉಳಿದಿದೆಯಲ್ಲ,"
ಎಂದು ಅರುಸ್ಯಾಕ್ ಶುರುಮಾಡಿದ್ದೇ
ಹುಡುಗಿಯ ಮುಖ ಬಿಳಿಚಿತು.
"ಬೇಡ ಅಜ್ಜಿ. ಅದರಿಂದ ಬೆಕ್ಕು ಸಾಯಬಹುದು."

ಮೊಟ್ಟೆಗಳಿರುತ್ತವೆ, ಮೂರು ವಾರ ಬಿಡುವಂತಿಲ್ಲ.
"ಇದರ ಜೊತೆ ಮಲಗುವ ಬೆಕ್ಕು ಬೇರೆ ಉಂಟೇ?"

ಅರುಸ್ಯಾಕ್ ನನ್ನ ಮುಖ ನೋಡಿದಳು.
ಅಂಗಡಿಯ ಹೀಟರಿನ ಪಕ್ಕ ಒಂದು ಬೂದು ಬೆಕ್ಕಿದೆ,
ನನ್ನದಲ್ಲ ಎಂದು ಐದು ವರ್ಷದಿಂದ ಹೇಳುತ್ತ ಬಂದದ್ದು.
ನಾವು ಬೆನ್ನು ತಿರುಗಿಸಿ ಕೂತ ಚಳಿಗಾಲಗಳಲ್ಲಿ
ಇವೆರಡೂ ನನ್ನದೇ ಹಳೆಯ ಕೋಟಿನ ಮೇಲೆ
ಒಂದರ ಕಿವಿ ಒಂದು ನೆಕ್ಕುತ್ತ ಮಲಗುತ್ತಿದ್ದವು.
ಯಾರು ಯಾರಿಗೆ ಕೊಟ್ಟರೋ.
"ಉಂಟು," ಎಂದೆ. "ನನ್ನದು."

ಆಮೇಲೆ ಪ್ರತಿ ಸಂಜೆ ಅವಳು ಹಿಡಿಯುವುದು,
ನಾನು ಹನಿ ಬಿಡುವುದು.
ಗಡಿಯಾರಕ್ಕೆ ಎಣ್ಣೆ ಬಿಟ್ಟು ಪಳಗಿದ ಕೈ
ಬೆಕ್ಕಿಗೆ ನಡುಗಿತು.
ಕೋಟು, ಹೊದಿಕೆ ಎಲ್ಲ ಕುದಿಯುವ ನೀರಿಗೆ.
ಎರಡು ಗೀರು ನನ್ನ ಮಣಿಕಟ್ಟಿಗೆ, ಒಂದು ಅವಳ ಗಲ್ಲಕ್ಕೆ.
ಮಾತು ಅಷ್ಟಕ್ಕಷ್ಟೇ: ಹಿಡಿ, ಬಿಡು, ಇನ್ನೊಂದು ಕಿವಿ.

ಇಪ್ಪತ್ತೆರಡನೆಯ ದಿನ ತ್ಸಿರಾನನ ಕಿವಿ
ತೊಳೆದಿಟ್ಟ ಬಟ್ಟಲಿನ ಹಾಗಿತ್ತು.
ಅರುಸ್ಯಾಕ್ ಕಾಫಿ ಕಾಯಿಸಿದಳು.
ಅವಳ ಮನೆಯಲ್ಲಿ ನಾನು ಕಾಫಿ ಕುಡಿದವನಲ್ಲ.
ಕುಡಿದೆ. ಏನನ್ನಿಸಿತೋ, ಬಟ್ಟಲು ಕವುಚಿಟ್ಟೆ.

ಮಸೂರವನ್ನು ಅವಳಿನ್ನೂ ವಾಪಸು ಕೊಟ್ಟಿರಲಿಲ್ಲ.
ಏಪ್ರನ್ನಿನ ಜೇಬಿನಿಂದ ತೆಗೆದು ಕಣ್ಣಿಗೆ ಸಿಕ್ಕಿಸಿ
ನನ್ನ ಚರಟದ ಮೇಲೆ ಬಗ್ಗಿದಳು.
"ಸದ್ಯ," ಎಂದಳು,
"ಏನೂ ಓಡಾಡುತ್ತಿಲ್ಲ."